ನೈಟಿ ತೊಟ್ಟ ನರಿ

ನಾನು ಗೋಡೆಗೆ ಬಣ್ಣ ಹೊಡೆಯುವವನು, ಚಿತ್ರ ಬರೆಯುವವನಲ್ಲ. ಇದನ್ನು ನಮ್ಮಕ್ಕನಿಗೆ ಎಷ್ಟು ಸಲ ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಬ್ರಷ್ ಹಿಡಿದವನಿಗೆಲ್ಲ ಚಿತ್ರ ಬರುತ್ತದೆ ಎಂದು ಅವಳ ನಂಬಿಕೆ. ಹಾಗಿದ್ದರೆ ಹಲ್ಲುಜ್ಜುವವರೆಲ್ಲ ಚಿತ್ರ ಬರೆಯಬೇಕಿತ್ತು.

ಶಿವಮೊಗ್ಗದಲ್ಲಿ ನನ್ನ ಕೆಲಸ ಸರಳ. ಗೋಡೆ ಉಜ್ಜು, ಪುಟ್ಟಿ ಹಾಕು, ಪ್ರೈಮರ್ ಹೊಡಿ, ಬಣ್ಣ ಹೊಡಿ, ಕೈ ತೊಳಿ. ಮನೆಯವರು ಬಾಗಿಲ ಸುತ್ತ ಒಂದು ಹೂಬಳ್ಳಿ ಬರಲಿ, ಮೂಲೆಯಲ್ಲಿ ಒಂದು ನವಿಲು ಕೂರಲಿ ಎಂದು ಶುರು ಮಾಡಿದರೆ ನನಗೆ ಮೈ ಉರಿಯುತ್ತದೆ. ಬಳ್ಳಿ ಬೇಕಾದರೆ ಸುಮ್ಮನಿರಿ, ನಮ್ಮ ಕಡೆಯ ಮಳೆಗೆ ಗೋಡೆ ಮೇಲೆ ಅದಾಗೇ ಹಬ್ಬುತ್ತದೆ ಎಂದು ಒಬ್ಬರಿಗೆ ಹೇಳಿಬಿಟ್ಟಿದ್ದೆ. ಅವರು ಮತ್ತೆ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ.

ಅಕ್ಕನನ್ನು ಭದ್ರಾವತಿಗೆ ಕೊಟ್ಟಿದ್ದು. ಅಲ್ಲಿ ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಹಿಂದಿನ ಗಲ್ಲಿಯಲ್ಲಿ ಒಂದು ಅಂಗನವಾಡಿ ಇದೆ, ಅದಕ್ಕೆ ಅವಳೇ ಟೀಚರ್. ಮೊದಲು ಆ ಕೋಣೆಯಲ್ಲಿ ಯಾರೋ ಮೇಕೆ ಕಟ್ಟುತ್ತಿದ್ದರಂತೆ. ಅದನ್ನು ಉಜ್ಜಿ ತೊಳೆದು, ಮಕ್ಕಳು ಕೂರುವ ಹಾಗೆ ಮಾಡಿದವಳು ಅವಳು. ಮೇಕೆ ವಾಸನೆ ಹೋಗಲು ಒಂದು ವರ್ಷ ಹಿಡಿಯಿತು ಎಂದು ಈಗಲೂ ಹೇಳುತ್ತಾಳೆ. ಹೋಗಿದೆ ಎಂದು ಅವಳಿಗೆ ಅನ್ನಿಸಿದೆ ಅಷ್ಟೆ.

ಆ ವರ್ಷ ಗಲ್ಲಿಗೆ ಒಂದು ಕಾನ್ವೆಂಟಿನ ಹಳದಿ ವ್ಯಾನು ಬರಲು ಶುರುವಾಯಿತು. ಮಾತು ಸರಿಯಾಗಿ ಬರದ ಮಕ್ಕಳೂ ಟೈ ಕಟ್ಟಿಕೊಂಡು ಅದನ್ನು ಹತ್ತಿದವು. ಅಂಗನವಾಡಿಯಲ್ಲಿ ಮಕ್ಕಳು ಕಮ್ಮಿಯಾದರು. ಸೂಪರ್‌ವೈಸರ್ ಮೇಡಂ ಬಂದು ನೋಡಿ, ಮುಂದಿನ ಸಲ ಬರುವಾಗಲೂ ಹೀಗೇ ಇದ್ದರೆ ಈ ಕೇಂದ್ರವನ್ನು ರೈಲ್ವೆ ಗೇಟಿನ ಆಚೆಯದರ ಜೊತೆ ಸೇರಿಸುತ್ತೇವೆ ಎಂದು ಹೇಳಿ ಹೋದರು. ಅಕ್ಕ ಅವತ್ತೇ ನನಗೆ ಫೋನ್ ಮಾಡಿದಳು. ಅಳಲಿಲ್ಲ, ಬೈದಳು. ಶಿವಮೊಗ್ಗದಲ್ಲಿ ಕಂಡವರ ಮನೆಗೆಲ್ಲ ಬಣ್ಣ ಹೊಡಿತೀಯ, ಒಡಹುಟ್ಟಿದವಳ ಗೋಡೆ ಮಾತ್ರ ಕಾಣಲ್ಲ ಎಂದಳು. ಹೊರಗಿನ ಉದ್ದ ಗೋಡೆ ತುಂಬ ಒಂದು ಕಥೆ ಬರೆದರೆ ಮಕ್ಕಳು ನೋಡಲಿಕ್ಕಾದರೂ ಬರುತ್ತಾರೆ ಅನ್ನುವುದು ಅವಳ ಲೆಕ್ಕಾಚಾರ.

ಆಗ ನಾನು ಸೋಗಾನೆಯಲ್ಲಿ ಕೆಲಸ ಮಾಡುತ್ತಿದ್ದೆ. ವಿಮಾನ ನಿಲ್ದಾಣ ಆದ ಮೇಲೆ ಆ ಕಡೆ ಹೊಸ ಮನೆಗಳು ಎದ್ದಿದ್ದವು. ವಿಮಾನದಲ್ಲಿ ಹೋಗುವವರಿಗೂ ನಮ್ಮನೆ ಕಾಣಬೇಕು ಅನ್ನುವ ಹಾಗೆ ಜನ ಬಣ್ಣ ಆರಿಸುತ್ತಿದ್ದರು. ಡಬ್ಬಗಳ ತಳದಲ್ಲಿ ಉಳಿದಿದ್ದನ್ನು ಕೇಳಿ ತೆಗೆದುಕೊಂಡೆ. ಗುಲಾಬಿ, ಗಿಳಿಹಸಿರು, ಕಿತ್ತಳೆ, ನೀಲಿ, ಹಳದಿ. ಭದ್ರಾವತಿ ಬಸ್ಸಿನ ಕಂಡಕ್ಟರು ಡಬ್ಬ ಚೆಲ್ಲಿದರೆ ನಿನ್ನ ಅಂಗಿಯಲ್ಲೇ ಒರೆಸುತ್ತೇನೆ ಎಂದು ದಾರಿಯುದ್ದಕ್ಕೂ ಹೆದರಿಸಿದ.

ಕಥೆ ಅಕ್ಕ ಕಟ್ಟಿದ್ದು. ಸಕ್ರೆಬೈಲಿನ ಬಿಡಾರದ ಒಂದು ಆನೆ ಹಸಿದುಕೊಂಡು ಭದ್ರಾವತಿಗೆ ನಡೆದು ಬರುತ್ತದೆ. ದಾರಿಯಲ್ಲಿ ಒಂದು ನರಿ ಅಡ್ಡ ನಿಂತು, ಅಂಗನವಾಡಿಯಲ್ಲಿ ಏನೂ ಇಲ್ಲ, ವಾಪಸ್ ಹೋಗು ಅನ್ನುತ್ತದೆ. ಒಂದು ಕೋಳಿ ಬಂದು, ಸುಳ್ಳು, ನನ್ನ ಮೊಟ್ಟೆ ಅಲ್ಲೇ ಇದೆ, ಬಾ ಎಂದು ಕರೆದುಕೊಂಡು ಹೋಗುತ್ತದೆ. ಆನೆ ಹೊಟ್ಟೆ ತುಂಬ ಉಣ್ಣುತ್ತದೆ. ಕೋಳಿ ತನ್ನ ಮೊಟ್ಟೆ ತಿನ್ನಿ ಅಂತ ಯಾಕೆ ಕರೆಯುತ್ತೆ ಎಂದು ಕೇಳಿದೆ. ನಿನಗೆ ಬರೆಯಲು ಹೇಳಿದ್ದು, ಕೇಳಲು ಅಲ್ಲ ಎಂದಳು.

ಬೂದಿ ಬಣ್ಣ ಇರಲಿಲ್ಲವಾದ್ದರಿಂದ ಆನೆ ಗುಲಾಬಿಯಾಯಿತು. ನರಿಗೆ ನೀಲಿ. ಗೀಟು ಎಳೆದು, ಒಳಗೆ ಬಣ್ಣ ತುಂಬಿ, ಮಧ್ಯಾಹ್ನಕ್ಕೆಲ್ಲ ಮುಗಿಸಿ ಕೈ ತೊಳೆದೆ. ಅಕ್ಕ ಹೊರಗೆ ಬಂದು ಸೊಂಟಕ್ಕೆ ಕೈ ಇಟ್ಟುಕೊಂಡು ನೋಡಿದಳು. ಇದ್ದ ಮಕ್ಕಳೂ ಅವಳ ಹಾಗೇ ಸೊಂಟಕ್ಕೆ ಕೈ ಇಟ್ಟುಕೊಂಡು ನೋಡಿದವು. ಒಂದು ಹುಡುಗಿ ಆನೆಯನ್ನು ತೋರಿಸಿ ನೀರಿನ ಟ್ಯಾಂಕ್ ಎಂದಿತು.

"ಗೋಡೆ ಆಯ್ತು ಕಣೋ, ಕಥೆ ಆಗ್ಲಿಲ್ಲ," ಎಂದಳು ಅಕ್ಕ. "ಮೈ ತುಂಬ ಏನಾದ್ರೂ ಡಿಸೈನ್ ಹಾಕು ಮಾರಾಯ. ಬೋಳು ಆನೆ ನೋಡಕ್ಕೆ ಯಾರು ಬರ್ತಾರೆ?"

ಆನೆಯ ಮೈಮೇಲೆ ಎಲ್ಲಾದರೂ ಡಿಸೈನ್ ಇರುತ್ತದಾ ಎಂದು ಜಗಳವಾಡಿದೆ. ಗೆಲ್ಲಲಿಲ್ಲ. ಆದರೆ ನನ್ನ ತಲೆಯಲ್ಲಿ ಒಂದು ಡಿಸೈನೂ ಇರಲಿಲ್ಲ. ಇಷ್ಟು ವರ್ಷ ಬೇಡ ಬೇಡ ಎಂದು ಓಡಿಸಿದ್ದೆನಲ್ಲ, ಬೇಕಾದಾಗ ಎಲ್ಲಿಂದ ಬರಬೇಕು. ಸುಮ್ಮನೆ ಹಿಂದೆ ತಿರುಗಿದೆ. ಎದುರಿನ ಮನೆಗಳ ಮುಂದೆ ಉದ್ದಕ್ಕೂ ಹಗ್ಗ. ಹಗ್ಗದ ತುಂಬ ನೈಟಿಗಳು. ಊರಿನ ಹೆಂಗಸರೆಲ್ಲ ಬೆಳಗಿಂದ ಸಂಜೆತನಕ ತೊಡುವ ಆ ನೈಟಿಗಳ ಮೇಲೆ ಇಲ್ಲದ ಡಿಸೈನೇ ಇಲ್ಲ. ಅಂಗೈಯಗಲದ ಹೂವು, ಮಾವಿನಕಾಯಿ, ಚುಕ್ಕಿ, ಅಲೆಅಲೆ ಪಟ್ಟಿ. ಕೆಲಸ ಹಗುರಾಯಿತು.

ಒಂದು ಹೂವಿನ ನೈಟಿಯನ್ನು ಆನೆಗೆ ಇಳಿಸಿದೆ. ಚುಕ್ಕಿಯದನ್ನು ಕೋಳಿಗೆ. ಹಗ್ಗದ ತುದಿಯಲ್ಲಿ ಗಾಳಿಗೆ ಹಾರುತ್ತಿದ್ದ ಅಲೆಪಟ್ಟಿಯನ್ನು ನರಿಗೆ. ಪಟ್ಟಿಗಳನ್ನು ಬಾಲದ ಕಡೆಗೆ ಎಳೆಯುತ್ತ ಹೋದ ಹಾಗೆ ನಿಂತಿದ್ದ ನರಿ ಓಡುವ ಹಾಗೆ ಕಾಣತೊಡಗಿತು. ನನಗೇ ಆಶ್ಚರ್ಯವಾಯಿತು, ಆದರೆ ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಅವಳು ಗೆದ್ದ ಹಾಗೆ.

ಆನೆ ಗೋಡೆಯುದ್ದಕ್ಕೂ ಮತ್ತೆ ಮತ್ತೆ ಬರಬೇಕಿತ್ತು. ನಾನು ಕೊನೆಯ ಆನೆಯಿಂದ ಶುರು ಮಾಡಿ ಹೂವು ತುಂಬುತ್ತ ಹಿಂದಕ್ಕೆ ಬಂದೆ. ಕಥೆಯ ಮೊದಲ ಆನೆಗೆ ಬರುವಷ್ಟರಲ್ಲಿ ಕೈ ಸೋತು, ಹೊಟ್ಟೆಯ ಮೇಲೆ ಹೂವಿನ ಗೀಟು ಮಾತ್ರ ಎಳೆದು, ಒಳಗೆ ಬಣ್ಣ ತುಂಬದೆ ಬಿಟ್ಟೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅಕ್ಕ ನೋಡಿ, ಖಾಲಿ ಹೊಟ್ಟೆಯನ್ನು ಎಷ್ಟು ಚೆನ್ನಾಗಿ ತೋರಿಸಿದೀಯ, ಉಣ್ಣುವ ಹೊತ್ತಿಗೆ ಎಲ್ಲ ಹೂವೂ ತುಂಬಿದೆ ಎಂದಳು. ನಾನು ಹೂಂ ಎಂದೆ. ನನ್ನ ಸೋಮಾರಿತನಕ್ಕೆ ಹೊಗಳಿಕೆ ಸಿಕ್ಕಿದ್ದು ಅದೊಂದೇ ಸಲ.

ಮಾರನೆಯ ಬೆಳಿಗ್ಗೆ ಒಂದು ಮಗು ಗೋಡೆ ಮುಂದೆ ನಿಂತು, ಅಮ್ಮನ ನೈಟಿ ಆನೆ ಹಾಕ್ಕೊಂಡಿದೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿತು. ಅಮ್ಮ ಓಡಿ ಬಂದಳು. ಅದೇ ನೈಟಿಯನ್ನೇ ತೊಟ್ಟಿದ್ದಳು. ನಾನು ಡಬ್ಬದ ಹಿಂದೆ ಬಗ್ಗಿದೆ. ಆಮೇಲೆ ಒಬ್ಬೊಬ್ಬರೇ ಬಂದು ತಮ್ಮ ತಮ್ಮದನ್ನು ಹುಡುಕತೊಡಗಿದರು. ಚುಕ್ಕಿ ನೈಟಿಯ ತಮಿಳು ಅಮ್ಮ, ಕೋಳಿ ಒಳ್ಳೆಯದು ಎಂದು ಗೊತ್ತಾದ ಮೇಲೆ, ಕೊಕ್ಕಿಗೆ ಇನ್ನೂ ಸ್ವಲ್ಪ ಕಿತ್ತಳೆ ಬೀಳಲಿ ಎಂದು ನಿಂತು ಮಾಡಿಸಿದಳು. ಗೋಡೆಯಲ್ಲಿ ಇನ್ನೂ ಮರ, ಹಕ್ಕಿ, ಮೋಡಕ್ಕೆ ಡಿಸೈನ್ ಬಾಕಿ ಇತ್ತು. ಮಧ್ಯಾಹ್ನದ ಹೊತ್ತಿಗೆ ಹಗ್ಗದ ಮೇಲೆ ನೈಟಿಗಳು ಮಾಯವಾಗಿ ಮದುವೆಯ ರೇಷ್ಮೆ ಸೀರೆಗಳು ಸುಡುವ ಬಿಸಿಲಲ್ಲಿ ನೇತಾಡುತ್ತಿದ್ದವು. ಒಗೆದದ್ದಲ್ಲ, ಸುಮ್ಮನೆ ಗಾಳಿಗೆ ಹಾಕಿದ್ದು ಎಂದು ನಾನು ಕೇಳದಿದ್ದರೂ ಹೇಳಿದರು.

ನರಿಯ ಪಟ್ಟಿಯನ್ನು ಮಾತ್ರ ಯಾರೂ ತಮ್ಮದು ಅನ್ನಲಿಲ್ಲ. ನೋಡುವುದು, ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವುದು, ಮೂಲೆ ಮನೆ ಕಡೆ ತಿರುಗುವುದು. ಅಕ್ಕ ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ವಿಷಯ ಹೇಳಿದಳು. ಅದು ಮೂಲೆ ಮನೆಯ ಸೊಸೆಯದು. ವ್ಯಾನಿಗೆ ಮೊದಲು ಮಗನನ್ನು ಹತ್ತಿಸಿದವಳು ಅವಳು. ಅಂಗನವಾಡಿಯಲ್ಲಿ ಉಪ್ಪಿಟ್ಟು ಬಿಟ್ಟರೆ ಏನೂ ಇಲ್ಲ ಎಂದು ಉಳಿದವರಿಗೆ ಹೇಳಿಕೊಂಡು ಬಂದವಳೂ ಅವಳೇ.

"ಹೋಗಿ ಹೋಗಿ ಅವಳ ನೈಟಿನೇ ಬೇಕಿತ್ತಾ ನಿಂಗೆ?"

"ನೈಟಿ ಮೇಲೆ ಹೆಸ್ರು ಬರ್ದಿರುತ್ತೇನೇ ಅಕ್ಕ? ಗಾಳಿಗೆ ಚೆನ್ನಾಗಿ ಹಾರ್ತಿತ್ತು, ಬರ್ದೆ."

ಬೇಕೆಂದೇ ಬರೆಸಿದ್ದು ಎಂದು ಇಡೀ ಗಲ್ಲಿ ನಂಬುತ್ತದೆ, ಇದ್ದ ಮಕ್ಕಳೂ ಬರುವುದಿಲ್ಲ, ಸೂಪರ್‌ವೈಸರ್ ಬಂದರೆ ಗೋಡೆ ತೋರಿಸಲಾ ಎಂದು ಅಕ್ಕ ನೆಲದ ಮೇಲೆ ಕೂತುಬಿಟ್ಟಳು. ನಾನು ಡಬ್ಬದಲ್ಲಿದ್ದ ಪ್ರೈಮರ್ ಕಲಸಿಕೊಂಡು ಹೊರಗೆ ಬಂದೆ. ಒಂದು ಕೋಟು ಹೊಡೆದರೆ ನರಿ ಇದ್ದ ಜಾಗವೇ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಮೂಲೆ ಮನೆಯ ಸೊಸೆ ಬಂದಳು. ಒಂದು ಕೈಯಲ್ಲಿ ಟೈ ಕಟ್ಟಿದ ಮಗ. ಅವನ ಕಣ್ಣು ಒದ್ದೆ, ಮೂಗು ಸೋರುತ್ತಿತ್ತು. ಆ ಬೆಳಿಗ್ಗೆಯೂ ವ್ಯಾನು ಹತ್ತಲು ಒಲ್ಲೆ ಎಂದು ಅತ್ತು ಮನೆಯಲ್ಲೇ ಉಳಿದಿದ್ದನಂತೆ. ಹಿಂದೆ ಅವಳ ಅತ್ತೆ, ಕಾರ್ಖಾನೆಯಿಂದ ರಿಟೈರ್ ಆದವರ ಹೆಂಡತಿ, ಗಲ್ಲಿಗೇ ದೊಡ್ಡವರು. ಮೊಮ್ಮಗ ಇಂಗ್ಲಿಷ್ ಕಲಿಯಲೇಬೇಕು ಎಂದು ಹಟ ಹಿಡಿದವರು ಅವರು. ಬಂದವರೇ, ನಮ್ಮ ಮನೆ ಹೆಣ್ಣನ್ನು ನರಿ ಮಾಡಲು ನೀನು ಯಾರು ಎಂದು ನನ್ನನ್ನು ಕೇಳಿದರು. ನಾನು ರೋಲರ್ ಎತ್ತಿದೆ. ಅಳಿಸುವುದೇ ಉತ್ತರ.

ಮಕ್ಕಳು ಒಪ್ಪಲಿಲ್ಲ. ನರಿ ಹೋದರೆ ಆನೆಯನ್ನು ಅಡ್ಡ ಹಾಕುವವರು ಯಾರು, ಕೋಳಿ ಯಾಕೆ ಬರಬೇಕು ಎಂದು ಗೋಡೆಗೆ ಅಂಟಿಕೊಂಡು ನಿಂತವು. ಸೊಸೆಯ ಮಗ ಅಮ್ಮನ ಕೈ ಬಿಡಿಸಿಕೊಂಡು ಹೋಗಿ ನರಿಯ ಪಟ್ಟಿಯ ಮೇಲೆ ಬೆರಳು ಓಡಿಸಿದ. ಅಮ್ಮ ಅನ್ನುತ್ತಾ ಬಾಲದ ತುದಿಯವರೆಗೂ ಹೋದ. ಕೊನೆಯ ಚಿತ್ರದಲ್ಲಿ ಎಲ್ಲರೂ ಉಣ್ಣುವುದನ್ನು ನೋಡಿ ನಿಂತ.

"ನರಿಗೆ ಊಟ ಇಲ್ವಾ?" ಎಂದು ಕೇಳಿದ.

ಇದು ಅಕ್ಕನ ಕಥೆಯಲ್ಲಿ ಇರಲಿಲ್ಲ. ಸೊಸೆ ಜಗಳಕ್ಕೆಂದು ಎತ್ತಿ ಕಟ್ಟಿದ್ದ ಸೆರಗನ್ನು ಇಳಿಸಿದಳು.

"ಅಳಿಸ್ಬೇಡಿ," ಎಂದಳು ನನಗೆ. "ಅದನ್ನೂ ಒಳಗ್ ಕೂರ್ಸಿ. ಊಟ ಹಾಕಿ."

ಅತ್ತೆ, ಕಥೆಯಲ್ಲಿ ತಾನೆ, ಕೂತರೆ ಕೂರಲಿ ಬಿಡು ಎಂದು ತಿರುಗಿ ಹೊರಟರು. ಸೊಸೆ ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

"ನರಿ ಒಳಗ್ ಹೋದ್ಮೇಲೆ ಮರಿ ಹೋಗ್ದೆ ಇರುತ್ತಾ ಅತ್ತೆ?"

ಮೊದಲು ನಕ್ಕವಳು ಚುಕ್ಕಿ ನೈಟಿಯ ಅಮ್ಮ. ಆಮೇಲೆ ಗಲ್ಲಿಯೇ ನಕ್ಕಿತು. ಅತ್ತೆಗೆ ಅಲ್ಲಿ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ, ನಗಲು ಮನಸ್ಸಿರಲಿಲ್ಲ. ಮರಿಗೆ ಟೈ ಇರಲಿ ಎಂದು ನನಗೆ ಆಜ್ಞೆ ಮಾಡಿ ಮನೆಗೆ ಹೋದರು. ಟೈ ಕಟ್ಟಿದ ನರಿಮರಿಯನ್ನು ಬರೆದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ತಾಯಿಯ ಪಟ್ಟಿಯನ್ನೇ ಮರಿಗೂ ಸಣ್ಣದಾಗಿ ಎಳೆದೆ. ನೋಡಿದರೆ ಯಾರ ಮರಿ ಎಂದು ಹೇಳಬೇಕಾಗಿರಲಿಲ್ಲ.

ಆ ಹುಡುಗ ಸೋಮವಾರದಿಂದ ಬಂದ. ಅವನ ಹಿಂದೆ ಇನ್ನೂ ಕೆಲವರು ಬಂದರು. ಎಲ್ಲರೂ ಬರಲಿಲ್ಲ, ವ್ಯಾನು ಇವತ್ತಿಗೂ ಬರುತ್ತದೆ.

ಸೂಪರ್‌ವೈಸರ್ ಮೇಡಂ ಬಂದ ದಿನ ಅಕ್ಕ ನನ್ನನ್ನೂ ಕರೆಸಿಕೊಂಡಿದ್ದಳು. ಬಣ್ಣ ಎಲ್ಲಾದರೂ ಏಳುತ್ತಿದ್ದರೆ ಸರಿ ಮಾಡು ಎಂದಿದ್ದಳು. ಹೆದರಿಕೆಗೆ ಜೊತೆ ಬೇಕು ಎಂದು ಹೇಳಲು ಅವಳಿಗೆ ಬರುವುದಿಲ್ಲ. ಮೇಡಂ ಒಳಗಿನ ಮಕ್ಕಳನ್ನು ನೋಡಿ ಹೊರಗೆ ಬಂದರು. ಮಕ್ಕಳು ಹಿಂದೆಯೇ ಬಂದು, ಇದು ಅವರಮ್ಮ, ಇದು ಇವರಮ್ಮ, ಇಲ್ಲಿ ಆನೆಗೆ ಹೊಟ್ಟೆ ಹಸಿದಿದೆ, ಹೂವೆಲ್ಲ ಖಾಲಿ ನೋಡಿ ಎಂದು ಕಥೆ ಹೇಳಿದವು. ಡಿಸೈನ್ ಎಲ್ಲಿಂದ ತಂದಿರಿ ಎಂದು ಮೇಡಂ ಕೇಳಿದರು. ಇಲ್ಲೇ ಸಿಕ್ಕಿತು ಮೇಡಂ ಎಂದಳು ಅಕ್ಕ. ಮೇಡಂ ಹಗ್ಗದ ಕಡೆ ನೋಡಿದರು, ಆನೆಯ ಕಡೆ ನೋಡಿದರು, ಕೆಮ್ಮಿದರು.

"ಇರ್ಲಿ ಬಿಡಿ ಟೀಚರ್. ಕೇಂದ್ರ ಇಲ್ಲೇ ನಡೀಲಿ."

ಅವರ ಗಾಡಿ ಗಲ್ಲಿ ತಿರುಗುವವರೆಗೂ ಅಕ್ಕ ನೆಟ್ಟಗೆ ನಿಂತಿದ್ದಳು. ಆಮೇಲೆ ಅಕ್ಕಿ ಬೇಳೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಕ್ಕಳನ್ನು ಆ ಕಡೆ ಬಿಡದೆ ನಾನು ಬಾಗಿಲಿಗೆ ಅಡ್ಡ ಕೂತೆ. ಬಹಳ ಹೊತ್ತಾದ ಮೇಲೆ ಮುಖ ತೊಳೆದುಕೊಂಡು ಬಂದಳು. ಗೋಡೆಯ ಮುಂದೆ ನಿಂತು ಆ ತುದಿಯಿಂದ ಈ ತುದಿಯವರೆಗೆ ಒಂದು ಸಲ ನೋಡಿದಳು.

"ಆನೆ ಬಾಲ ಸಣ್ಣ ಆಯ್ತು ಕಣೋ," ಎಂದಳು.