ಬೋರ್ಡು ಪಾಸಾಗದೆ ಟೀ ಇಲ್ಲ: ಮೀಟರಕ್ಕನ ಬೆಳಗಿನ ಜಾವ

ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಬೀದಿದೀಪಗಳು ಇನ್ನೂ ಉರಿಯುತ್ತಿವೆ. ಮೂರನೇ ಮಹಡಿಯ ಆ ಮನೆಯಲ್ಲಿ ಹಾಲ್‌ನ ಎರಡೂ ಕಿಟಕಿ ತೆರೆದಿವೆ, ಫ್ಯಾನು ನಿಂತಿದೆ, ಅಡುಗೆಮನೆಯ ಒಲೆ ತಣ್ಣಗಿದೆ. ಗೋಡೆಯ ಮೊಳೆಗೆ ನೇತುಹಾಕಿದ ಥರ್ಮಾಮೀಟರಿನ ಮುಂದೆ ಎಪ್ಪತ್ತನಾಲ್ಕು ವರ್ಷದ ಅತ್ತೆ ಕನ್ನಡಕವನ್ನು ಮೂಗಿನ ಮೇಲೆ ಹಿಂದೆ ಮುಂದೆ ಸರಿಸುತ್ತ ನಿಂತಿದ್ದಾರೆ. ‘ಇಪ್ಪತ್ತೆರಡು’ ಎನ್ನುತ್ತಾರೆ. ಸೊಸೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಟೇಬಲ್ಲಿನ ಮೇಲೆ ಮಲಗಿಸಿದ ಕಂಪ್ಯೂಟರ್ ಬೋರ್ಡಿನ ಮೂಲೆಯ ಗುಂಡಿ ಒತ್ತುತ್ತಾರೆ. ಪುಟ್ಟ ಫ್ಯಾನುಗಳು ಗಿರ್ರೆನ್ನುತ್ತವೆ. ಇನ್ನು ಕನಿಷ್ಠ ಎರಡು ಗಂಟೆ ಈ ಮನೆಯಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ.

ಒಲೆ ಹಚ್ಚಿದರೆ ಹಾಲ್ ಒಂದೂವರೆ ಡಿಗ್ರಿ ಬಿಸಿಯಾಗುತ್ತದೆ. ಹಾಲ್ ಬಿಸಿಯಾದರೆ ಬೋರ್ಡೂ ಬಿಸಿ. ನಿನ್ನೆಯ ಅಂಕಿಯ ಪಕ್ಕದಲ್ಲಿ ಇವತ್ತಿನ ಅಂಕಿ ಇಡಲು ಬರುವುದಿಲ್ಲ. ಈ ಮನೆಗೆ ಎ.ಸಿ. ಇಲ್ಲ. ವರ್ಷದ ಹೆಚ್ಚಿನ ದಿನ ಇಪ್ಪತ್ತೆರಡು ಡಿಗ್ರಿ ಪುಕ್ಕಟೆ ಸಿಗುವುದು ಈ ಹೊತ್ತಿನಲ್ಲಿ ಮಾತ್ರ. ಆದ್ದರಿಂದ ಇಲ್ಲಿ ದಿನದ ಮೊದಲ ಟೀ ಬೋರ್ಡಿನ ಪರೀಕ್ಷೆ ಮುಗಿದ ಮೇಲೆಯೇ. ಅತ್ತೆ ಬೋರ್ಡುಗಳನ್ನು ಅಳೆಯುವುದೂ ಹಾಗೆಯೇ: ಏಳಕ್ಕೆ ಟೀ ಸಿಕ್ಕಿದರೆ ಒಳ್ಳೆಯ ಬೋರ್ಡು, ಏಳೂವರೆಯಾದರೆ ಸುಮಾರು, ಎಂಟು ದಾಟಿತೋ, ಅದನ್ನು ಮಾಡಿದವರ ಮನೆತನದವರೆಗೂ ಹೋಗುತ್ತಾರೆ.

ಕಂಪ್ಯೂಟರಿನ ಎಲ್ಲ ಭಾಗಗಳೂ ಕೂತು ಮಾತಾಡಿಕೊಳ್ಳುವ ಹಲಗೆಗೆ ಮದರ್‌ಬೋರ್ಡ್ ಎನ್ನುತ್ತಾರೆ. ಅದರ ನಡುವೆ ಕೂರುವ ಪ್ರೊಸೆಸರನ್ನು ತಯಾರಕರು ಹೇಳಿದ್ದಕ್ಕಿಂತ ಹೆಚ್ಚು ವೇಗವಾಗಿ ಓಡಿಸುವ ಹುಚ್ಚು ಕೆಲವರಿಗೆ ಇದೆ. ಅದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಹೆಚ್ಚು ಓಡಬೇಕಾದರೆ ಹೆಚ್ಚು ಉಣಿಸಬೇಕು, ಅಂದರೆ ವೋಲ್ಟೇಜು ಏರಿಸಬೇಕು. ಮಿತಿ ಮೀರಿದರೆ ಪ್ರೊಸೆಸರು ಸುಟ್ಟುಹೋಗುತ್ತದೆ. ಯಾವ ಬೋರ್ಡು ಎಷ್ಟು ತಾಳುತ್ತದೆ, ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ಓಡಿಸಿ ನೋಡಿ ಹೇಳುವವರು ಒಬ್ಬರು ಬೇಕು. ಹೊಸ ಬೋರ್ಡುಗಳ ವಿಮರ್ಶೆ ಬರುವ ಒಂದು ವೆಬ್‌ಸೈಟಿನಲ್ಲಿ ಸಂಪಾದಕರ ಹೆಸರು, ಸಂಪಾದಕರ ಫೋಟೊ ಇರುತ್ತದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಪರೀಕ್ಷೆ: ನಮ್ಮ ಪ್ರಯೋಗಾಲಯ’ ಎಂದಿರುತ್ತದೆ.

ಆ ಪ್ರಯೋಗಾಲಯ ಅತ್ತೆಯ ಹಳೆಯ ಹೊಲಿಗೆ ಟೇಬಲ್ಲು. ಮೂವತ್ತು ವರ್ಷ ಅವರು ಅದರ ಮೇಲೆ ಊರಿನ ಅರ್ಧ ಹೆಂಗಸರ ಬ್ಲೌಸು ಹೊಲಿದಿದ್ದಾರೆ. ಕಣ್ಣು ಮಂಜಾದ ಮೇಲೆ ಮಿಷನ್ನು ಅಟ್ಟ ಸೇರಿತು. ಮಿಷನ್ನು ಕೂರುತ್ತಿದ್ದ ತೂತಿನಿಂದ ಈಗ ವೈರುಗಳು ಕೆಳಗಿಳಿಯುತ್ತವೆ. ಕತ್ತರಿ, ಸೀಮೆಸುಣ್ಣ ಇಡುತ್ತಿದ್ದ ಡ್ರಾಯರಿನಲ್ಲಿ ಸ್ಕ್ರೂಗಳು, ಪ್ರೊಸೆಸರಿಗೆ ಸವರುವ ಬೂದು ಪೇಸ್ಟಿನ ಟ್ಯೂಬುಗಳು. ಟೇಬಲ್ಲಿನ ಅಂಚಿಗೆ ಅಂಟಿಸಿದ ಇಂಚು ಪಟ್ಟಿ ಮಾತ್ರ ಹಾಗೇ ಇದೆ.

ಸೊಸೆಗೆ ನಲವತ್ತಾರು. ಓವರ್‌ಕ್ಲಾಕಿಂಗ್ ಬಳಗದವರು ಅವರನ್ನು ಕರೆಯುವುದು ಮೀಟರಕ್ಕ ಎಂದು. ಬಳಗದ ಹುಡುಗರಲ್ಲಿ ಅವರ ಮುಖ ನೋಡಿದವರು ನಾಲ್ಕೈದು ಮಂದಿ ಇದ್ದರೆ ಹೆಚ್ಚು. ಮದುವೆಗೆ ಮೊದಲಿನಿಂದಲೂ ಅವರು ಟೀವಿ ತಯಾರಿಸುವ ಕಾರ್ಖಾನೆಯೊಂದರಲ್ಲಿದ್ದರು. ಬೆಲ್ಟಿನ ಮೇಲೆ ಬರುವ ಪ್ರತಿ ಬೋರ್ಡಿಗೂ ಎರಡು ಕಡ್ಡಿ ತಾಗಿಸಿ ವೋಲ್ಟೇಜು ನೋಡಿ ಮುಂದೆ ಬಿಡುವ ಕೆಲಸ. ಹನ್ನೆರಡು ವರ್ಷವಾದ ಮೇಲೆ ಕಾರ್ಖಾನೆ ಮುಚ್ಚಿತು. ಗಂಡ ಬಸ್ಸಿನ ಡ್ರೈವರು, ಮೊದಲ ಟ್ರಿಪ್ಪಿಗೆ ನಾಲ್ಕೂ ಕಾಲಿಗೇ ಮನೆ ಬಿಡುವವರು. ಇವರು ಕಂಪ್ಯೂಟರ್ ರಿಪೇರಿ ಅಂಗಡಿ ಸೇರಿದರು. ಈಗಲೂ ಹತ್ತರಿಂದ ಆರರವರೆಗೆ ಅಲ್ಲೇ. ಒಮ್ಮೆ ಆ ಸಂಪಾದಕರು ಸತ್ತ ಬೋರ್ಡೊಂದನ್ನು ಹಿಡಿದು ಅಂಗಡಿಗೆ ಬಂದರು. ಇವರು ಅದನ್ನು ಬದುಕಿಸಿದ್ದಲ್ಲದೆ, ಯಾಕೆ ಸತ್ತಿತ್ತು ಎಂಬುದನ್ನೂ ಒಂದು ಪುಟ ಬರೆದುಕೊಟ್ಟರು. ಬೆಳಗಿನ ಕೆಲಸ ಶುರುವಾದದ್ದು ಹಾಗೆ.

ಆರು ವರ್ಷದಲ್ಲಿ ನೂರಾ ಮೂವತ್ತೆರಡು ಬೋರ್ಡು. ಒಂದೊಂದಕ್ಕೂ ಹತ್ತರಿಂದ ಹನ್ನೆರಡು ಬೆಳಗು. ಒಂದು ಬೆಳಗಿಗೆ ಮೂರು ಓಟ: ಅರ್ಧ ಗಂಟೆ ಪೂರ್ತಿ ಭಾರ ಹೊರಿಸಿ ಓಡಿಸುವುದು, ಮುಟ್ಟಿದರೆ ತಣ್ಣಗೆನ್ನುವವರೆಗೆ ಬಿಡುವುದು, ಮತ್ತೆ ಓಡಿಸುವುದು. ಮೂರು ಸಲವೂ ಒಂದೇ ಅಂಕಿ ಬಂದರೆ ಮಾತ್ರ ಅದು ನೋಟ್‌ಬುಕ್ಕಿನಿಂದ ಆಚೆ ಹೋಗುತ್ತದೆ.

‘ಒಂದು ಸಲ ಯಾರು ಬೇಕಾದ್ರೂ ಓಡ್ತಾರೆ. ಬಸ್ಸು ಹೊರಟಿದ್ದು ಕಂಡ್ರೆ ನಾನೂ ಓಡ್ತೀನಿ’ ಎನ್ನುತ್ತಾರೆ ಮೀಟರಕ್ಕ.

ಮೀಟರಿನ ಕಥೆ ಇಷ್ಟು ನಗುವಿನದಲ್ಲ. ಮೊದಲ ವರ್ಷ ಅವರು ವೋಲ್ಟೇಜು ಅಳೆಯುವ ಮೀಟರು ಹಿಡಿಯುತ್ತಿರಲಿಲ್ಲ. ಬೋರ್ಡು ತನ್ನ ವೋಲ್ಟೇಜನ್ನು ತಾನೇ ತೆರೆಯ ಮೇಲೆ ತೋರಿಸುತ್ತದೆ. ಅದನ್ನೇ ನಂಬಿ ಬರೆದರು. ನಾಲ್ಕು ಬೀದಿಯಾಚೆ ಫೋಟೊ ಸ್ಟುಡಿಯೊ ಇಟ್ಟಿರುವವರೊಬ್ಬರು ಆ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹಾಗೆಯೇ ತಮ್ಮ ಯಂತ್ರಕ್ಕೆ ಇಟ್ಟರು. ಕಿಟಕಿಯಿಲ್ಲದ ಕೋಣೆ, ಮೇಲೆ ತಗಡಿನ ಮಾಡು. ಒಂದು ಶಾಲೆಯ ಪೂರ್ತಿ ಮಕ್ಕಳ ಫೋಟೊ ತಿದ್ದುತ್ತಿರುವಾಗ ಪ್ರೊಸೆಸರು ಸುಟ್ಟಿತು. ಅವರು ಯಂತ್ರ ಹೊತ್ತು ಬಂದದ್ದು ಇದೇ ರಿಪೇರಿ ಅಂಗಡಿಗೆ. ಚೀಟಿಯಲ್ಲಿದ್ದ ಅಂಕಿ ತಮ್ಮದು ಎಂದು ಮೀಟರಕ್ಕನಿಗೆ ನೋಡಿದ ಕೂಡಲೇ ಗೊತ್ತಾಯಿತು. ಸ್ಟುಡಿಯೊದವರಿಗೆ ಅದು ಗೊತ್ತಿರಲಿಲ್ಲ. ಇವರು ಹೇಳದೆ ಇರಬಹುದಿತ್ತು. ಹೇಳಿದರು. ಅವತ್ತೇ ಮನೆಯ ಕಂಪ್ಯೂಟರಿನ ಪ್ರೊಸೆಸರು ಬಿಚ್ಚಿ ತಂದು ಅವರ ಯಂತ್ರಕ್ಕೆ ಕೂರಿಸಿದರು. ಆಮೇಲೆ ಕಾರ್ಖಾನೆಯ ಕಾಲದ ಮೀಟರು ಅಟ್ಟದಿಂದ ಇಳಿಯಿತು.

ಈ ತಿಂಗಳು ಬಂದಿರುವ ಬೋರ್ಡಿನ ವಿಷಯದಲ್ಲಿ ಅದೇ ಮೀಟರು ಮತ್ತೆ ತಕರಾರು ತೆಗೆಯಿತು. ಬೋರ್ಡು ನೋಡಲು ಚೆಂದ. ಮಟ್ಟಸವಾದ ಕಪ್ಪು ಬಣ್ಣ, ಕೈಗೆ ಭಾರ, ಓವರ್‌ಕ್ಲಾಕಿಂಗಿಗೆಂದೇ ಮಾಡಿದ್ದು. ವೋಲ್ಟೇಜು ಅಳೆಯಲು ಅಂಚಿನಲ್ಲಿ ಪುಟ್ಟ ಪುಟ್ಟ ಬಿಂದುಗಳನ್ನೂ ಕೊಟ್ಟಿದ್ದಾರೆ. ಏಳನೇ ಬೆಳಗು ಅದು ಐದು ಪಾಯಿಂಟ್ ಏಳು ಗಿಗಾಹರ್ಟ್ಸ್ ವೇಗ ಮುಟ್ಟಿತು, ಮೂರು ಸಲವೂ. ಆ ಹೊಲಿಗೆ ಟೇಬಲ್ಲಿನ ಮೇಲೆ ಅಷ್ಟು ಓಡಿದ ಬೋರ್ಡು ಇನ್ನೊಂದಿಲ್ಲ. ಏಳಕ್ಕೆ ಸರಿಯಾಗಿ ಟೀಯೂ ಸಿಗುವುದರಲ್ಲಿತ್ತು. ಬೋರ್ಡು ಬಿಡುಗಡೆಯಾಗುವ ದಿನವೇ ವಿಮರ್ಶೆ ಹಾಕಬೇಕೆಂದು ಕಾದಿದ್ದ ಸಂಪಾದಕರು ಐದು ಪಾಯಿಂಟ್ ಏಳನ್ನೇ ತಲೆಬರಹ ಮಾಡಿಕೊಂಡಿದ್ದರು. ಸ್ಟುಡಿಯೊದವರೂ ಕಾದಿದ್ದರು. ಅವರ ಹಳೆಯ ಯಂತ್ರ ಕುಂಟುತ್ತಿದೆ, ಹೊಸದಕ್ಕೆ ಇದೇ ಬೋರ್ಡು ಅವರ ಮನಸ್ಸಿನಲ್ಲಿದೆ. ಆದರೆ ಅಕ್ಕ ಹೇಳುವವರೆಗೆ ಕೊಳ್ಳಲು ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದರು.

ತೆರೆಯ ಮೇಲೆ ಒಂದು ಪಾಯಿಂಟ್ ಮೂರು ವೋಲ್ಟು ಎಂದಿತ್ತು. ಮೀಟರಿನಲ್ಲಿ ಒಂದು ಪಾಯಿಂಟ್ ಮೂರು ಎಂಟು.

ಮೀಟರಕ್ಕ ಮೊದಲು ಅನುಮಾನಿಸಿದ್ದು ತಮ್ಮ ಮೀಟರನ್ನೇ. ಸೆಲ್ಲು ಸೊರಗಿದಾಗ ಇಂಥ ಮೀಟರುಗಳು ಇದ್ದುದಕ್ಕಿಂತ ಹೆಚ್ಚು ತೋರಿಸುತ್ತವೆ. ಆ ಹೊತ್ತಿನಲ್ಲಿ ಯಾವ ಅಂಗಡಿ ತೆಗೆದಿರುತ್ತದೆ? ಮನೆಯಲ್ಲಿ ಹೊಸ ಸೆಲ್ಲು ಇದ್ದದ್ದು ಅತ್ತೆಯ ರೇಡಿಯೊದಲ್ಲಿ ಮಾತ್ರ. ಆರೂವರೆಗೆ ಅವರ ಹಳೆಯ ಹಾಡುಗಳ ಕಾರ್ಯಕ್ರಮ. ಸೊಸೆ ಕೇಳಲಿಲ್ಲ, ಸುಮ್ಮನೆ ರೇಡಿಯೊ ಕಡೆ ನೋಡಿದರು. ಅತ್ತೆಗೆ ಅರ್ಥವಾಯಿತು.

‘ಟೀನೂ ಇಲ್ಲ, ಹಾಡೂ ಇಲ್ಲ. ಇನ್ನು ನನ್ನನ್ನೊಂದು ಬಿಚ್ಚಿ ನೋಡ್ಬಿಡು ಒಳಗೇನಿದೆ ಅಂತ’ ಎನ್ನುತ್ತಲೇ ಅತ್ತೆ ಎರಡೂ ಸೆಲ್ಲು ತೆಗೆದುಕೊಟ್ಟರು.

ಹೊಸ ಸೆಲ್ಲು ಹಾಕಿದ ಮೇಲೂ ಒಂದು ಪಾಯಿಂಟ್ ಮೂರು ಎಂಟು. ಮರುದಿನ ಅಂಗಡಿಯಿಂದ ಇನ್ನೊಂದು ಮೀಟರು ತಂದು ನೋಡಿದರು, ಅದೂ ಅದನ್ನೇ ಹೇಳಿತು. ಬೋರ್ಡು ಹೇಳುತ್ತಿರುವುದು ಕಡಿಮೆ, ಉಣಿಸುತ್ತಿರುವುದು ಹೆಚ್ಚು. ಹೀಗೂ ಆಗುತ್ತದೆಯೇ ಎಂದು ಅತ್ತೆ ಕೇಳಿದರಂತೆ. ಬಿಡಿಸಿ ಹೇಳಿದ ಮೇಲೆ ಅವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

‘ತಾಯಿ ಅಂತ ತಾನೇ ಹೆಸರಿಟ್ಟಿರೋದು? ಒಂದೇ ತುತ್ತು, ಒಂದೇ ತುತ್ತು ಅಂತ ಮೂರು ತುತ್ತು ತಿನ್ನಿಸ್ತಿದೆ’ ಎಂದರು.

‘ಹೊಟ್ಟೆ ಒಡೆಯೋದು ಮಾತ್ರ ಸ್ಟುಡಿಯೊ ಅಣ್ಣಂದು, ಅತ್ತೆ’ ಎಂದರು ಸೊಸೆ.

ಸಂಪಾದಕರಿಗೆ ಫೋನು ಹೋಯಿತು. ಅವರು ಕೆಟ್ಟವರಲ್ಲ, ಅವಸರದವರು. ಬಿಡುಗಡೆಗೆ ಇನ್ನೆರಡೇ ದಿನ, ಉಳಿದವರೆಲ್ಲ ಅವತ್ತೇ ಹಾಕುತ್ತಾರೆ, ತಲೆಬರಹ ಹಾಗೇ ಇರಲಿ, ಈ ವೋಲ್ಟೇಜಿನ ವಿಷಯ ಆಮೇಲೆ ಒಂದು ಸಾಲು ಸೇರಿಸೋಣ ಎಂದರು. ಬೋರ್ಡಿನವರು ಹೇಗೂ ಹೊಸ ಸಾಫ್ಟ್‌ವೇರು ಕಳಿಸುತ್ತಾರಂತೆ. ಮೀಟರಕ್ಕ ಪೂರ್ತಿ ಕೇಳಿಸಿಕೊಂಡರು. ಚೀಟಿಯಲ್ಲಿ ಬರೆದುಕೊಳ್ಳುವವರು ಆಮೇಲೆ ಸೇರಿಸಿದ ಸಾಲನ್ನು ಓದಲು ವಾಪಸು ಬರುವುದಿಲ್ಲ ಎಂಬುದು ಅವರಿಗೆ ಗೊತ್ತು.

‘ಹಾಗಾದ್ರೆ ಹಾಕಿ ಸಾರ್’ ಎಂದರು. ‘ಕೆಳಗೆ ನಮ್ಮ ಪ್ರಯೋಗಾಲಯ ಅಂತ ಇರತ್ತಲ್ಲ, ಅದೊಂದು ತೆಗೆದುಬಿಡಿ. ಅದು ನಮ್ಮತ್ತೆ ಟೇಬಲ್ಲು.’

ಆಗ ಸಂಪಾದಕರು, ಎಷ್ಟು ದಿನ ಬೇಕು ಎಂದು ಕೇಳಿದರು. ಅಂಕಿ ತಪ್ಪೆಂದು ತಿಳಿದೂ ಕಾಯದೆ ಹಾಕಿದ್ದರೆ ಇವರು ಇನ್ನೊಂದು ಬೋರ್ಡು ಮುಟ್ಟುತ್ತಿರಲಿಲ್ಲ ಎಂದು ಈಗ ಸಂಪಾದಕರೇ ಹೇಳುತ್ತಾರೆ.

ಹೊಸ ಸಾಫ್ಟ್‌ವೇರು ಬಂತು. ಅದನ್ನು ಹಾಕಿ ಮತ್ತೆ ಮೂರು ಬೆಳಗು ಓಡಿಸಿದರು. ಅತ್ತೆಗೆ ಮೂರು ದಿನವೂ ಎಂಟರ ಮೇಲೆ ಟೀ. ಈಗ ತೆರೆಗೂ ಮೀಟರಿಗೂ ಕೂದಲೆಳೆಯಷ್ಟೇ ವ್ಯತ್ಯಾಸ. ಜೊತೆಗೆ ಇನ್ನೊಂದು ಗುಟ್ಟೂ ಹೊರಬಿತ್ತು. ನಿಜವಾದ ಒಂದು ಪಾಯಿಂಟ್ ಮೂರು ವೋಲ್ಟಿನಲ್ಲಿ ಆ ಬೋರ್ಡು ಓಡುವುದು ಐದೂವರೆ ಗಿಗಾಹರ್ಟ್ಸ್, ಅದರ ಮೇಲೆ ಇಲ್ಲ. ಮೊದಲಿನ ದಾಖಲೆ ಗುಟ್ಟಾಗಿ ಹೆಚ್ಚು ಉಂಡದ್ದರಿಂದ ಬಂದ ಬಲ. ವಿಮರ್ಶೆ ಬಂದದ್ದು ಎಲ್ಲರಿಗಿಂತ ನಾಲ್ಕು ದಿನ ತಡವಾಗಿ. ಹಳೆಯ ಅಂಕಿ, ಹೊಸ ಅಂಕಿ, ಎರಡೂ ಮೀಟರಿನ ಲೆಕ್ಕ ಮೊದಲ ಪ್ಯಾರಾದಲ್ಲೇ ಇದ್ದವು. ಬೋರ್ಡು ಒಳ್ಳೆಯದೇ, ಹೊಸ ಸಾಫ್ಟ್‌ವೇರು ಹಾಕದೆ ವೋಲ್ಟೇಜು ಮುಟ್ಟಬೇಡಿ ಎಂದಿತ್ತು. ಹೆಸರು ಸಂಪಾದಕರದು. ಸಣ್ಣ ಅಕ್ಷರದ ಸಾಲೂ ತನ್ನ ಜಾಗದಲ್ಲೇ ಇತ್ತು.

ಆ ಸಂಜೆ ಸ್ಟುಡಿಯೊದವರು ಮೂರು ಮಹಡಿ ಹತ್ತಿ ಬಂದಾಗ ಕೈಯಲ್ಲಿ ಚೀಟಿ, ಪೆನ್ನು.

‘ಐದೂವರೆ ಅಂತ ಬಂದಿದೆಯಲ್ಲಕ್ಕ. ಅಷ್ಟಕ್ಕೇ ಇಡ್ಲಾ?’

‘ಅದು ನಮ್ಮನೆ ಬೆಳಗಿನ ಜಾವದ್ದು ಅಣ್ಣ. ನಿಮ್ಮ ಕೋಣೇಲಿ ಮಧ್ಯಾಹ್ನ ಮೂರು ಗಂಟೆಗೆ ಎಷ್ಟಿರತ್ತೆ?’

ಸೆಕೆ ಸಿಕ್ಕಾಪಟ್ಟೆ ಇರುತ್ತದೆ ಎಂದರು ಅವರು. ಸಿಕ್ಕಾಪಟ್ಟೆ ಎಂದರೆ ಎಷ್ಟು ಎಂದು ಕೇಳಿದರೆ ಕೈಯಗಲಿಸಿದರು. ಮೀಟರಕ್ಕ ಎದ್ದು ಹೋಗಿ ಗೋಡೆಯ ಥರ್ಮಾಮೀಟರನ್ನು ಮೊಳೆಯಿಂದ ತೆಗೆದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅವರ ಕೈಗಿಟ್ಟರು. ಎರಡು ದಿನ ಸ್ಟುಡಿಯೊದಲ್ಲಿ ಇಟ್ಟು, ಮೂರು ಗಂಟೆಗೆ ನೋಡಿ ಬರೆದುಕೊಂಡು ಬನ್ನಿ, ಆಮೇಲೆ ನಿಮ್ಮ ಅಂಕಿ ಹೇಳುತ್ತೇನೆ ಎಂದರು. ತಮ್ಮನ್ನು ಒಂದು ಮಾತು ಕೇಳದೆ ತಮ್ಮ ಉದ್ಯೋಗವನ್ನೇ ಗಂಟು ಕಟ್ಟಿ ಕೊಟ್ಟುಬಿಟ್ಟಳು ಎಂದು ಅತ್ತೆ ಒಳಗಿನಿಂದಲೇ ದೂರಿದರು. ಮೀಟರಕ್ಕನಿಗೆ ಏನಾದರೂ ಬೇಕೇ ಎಂದು ಈ ಬರಹಕ್ಕಾಗಿ ಮಾತಾಡಿಸಿದಾಗ ಕೇಳಿದ್ದಕ್ಕೆ ಸಿಕ್ಕಿದ ಉತ್ತರವೂ ಥರ್ಮಾಮೀಟರಿನದ್ದೇ: ‘ಇನ್ನೊಂದು ಥರ್ಮಾಮೀಟರ್ ಇದ್ರೆ ಚೆನ್ನಾಗಿತ್ತು. ಕೇಳಿದೋರಿಗೆ ಕೊಟ್ಟು ಕಳಿಸ್ಬಹುದು.’

ಮರುದಿನ ಬೆಳಗಿನ ಜಾವ ಅಳೆಯಲು ಏನೂ ಇಲ್ಲ, ಪರೀಕ್ಷೆಯೂ ಇಲ್ಲ. ಎಷ್ಟೋ ದಿನಗಳ ಮೇಲೆ ಐದು ಗಂಟೆಗೇ ಒಲೆ ಹತ್ತಿದೆ. ಅತ್ತೆ ಹೊಲಿಗೆ ಟೇಬಲ್ಲಿನ ಪಕ್ಕ ಕೂತು ಬಿಸಿ ಲೋಟವನ್ನು ಸೆರಗಿನಲ್ಲಿ ಹಿಡಿದಿದ್ದಾರೆ. ಎರಡು ಗುಟುಕು ಕುಡಿದು ಗೋಡೆ ನೋಡುತ್ತಾರೆ. ಖಾಲಿ ಮೊಳೆ.

‘ಇವತ್ತು ಎಷ್ಟಿದೆಯೋ’ ಎನ್ನುತ್ತಾರೆ.

‘ಇಪ್ಪತ್ತೆರಡು ಇರಬಹುದು ಅತ್ತೆ.’

‘ಇರಬಹುದು ಅಂತೆಲ್ಲ ಬರ್ಕೋಬೇಡ’ ಎಂದು ಅತ್ತೆ ನೋಟ್‌ಬುಕ್ಕನ್ನು ಮುಚ್ಚಿ ತಮ್ಮ ಕಡೆ ಎಳೆದುಕೊಳ್ಳುತ್ತಾರೆ.