ಅಕ್ಕನ ಪಿಎಫ್, ನನ್ನ ವಾದ

ಗೌರಿಬಿದನೂರಿನ ಗಾರ್ಮೆಂಟ್ಸ್ ಕೆಲಸ ಬಿಟ್ಟಿದ್ದ ಅಕ್ಕ, ಪಿಎಫ್ ದುಡ್ಡು ತೆಗೆದು ಶಿಡ್ಲಘಟ್ಟದಲ್ಲಿ ಸ್ವಂತ ಟೈಲರಿಂಗ್ ಅಂಗಡಿ ಇಡಬೇಕೆಂದಿದ್ದಳು. ಮಳಿಗೆಯ ಅಡ್ವಾನ್ಸ್ ಕೊಡಲು ತಿಂಗಳ ಕೊನೆಯೇ ಗಡುವು. ಅರ್ಜಿ ಹಾಕಿಸಲು ಸೈಬರ್ ಸೆಂಟರಿಗೆ ನಾನೂ ಹೋಗಿದ್ದೆ.

“15ಜಿ ಫಾರಂ ಹಾಕಣ್ವಾ ಅಕ್ಕಾ? ಐದು ವರ್ಷ ಆಗಿಲ್ಲಾಂದ್ರೆ ಟ್ಯಾಕ್ಸ್ ಹಿಡ್ಕೊಂತಾರೆ,” ಎಂದರು ಸೆಂಟರಿನವರು.

ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಶುರುವಿಟ್ಟುಕೊಂಡೆ. ಅವಳದು ಒಂಬತ್ತು ವರ್ಷದ ಸರ್ವಿಸ್. ಐದು ದಾಟಿದರೆ ತೆರಿಗೆಯಿಲ್ಲ. ಇಲ್ಲದ ತೆರಿಗೆಯನ್ನು ಹಿಡಿಯಬೇಡಿ ಎಂದು ಬರೆದುಕೊಡುವುದೇಕೆ? ಚರ್ಚಾ ಸ್ಪರ್ಧೆಗಳಲ್ಲಿ ಕಪ್ ಗೆದ್ದುಕೊಟ್ಟ ಧಾಟಿ ಅದು.

“ಲಾಯರಪ್ಪ ಬಂದವ್ನೆ, ಬಿಡಿ,” ಎಂದು ಅವರು ನಕ್ಕು, ಫಾರಂ ಇಲ್ಲದೆಯೇ ಅರ್ಜಿ ಕಳಿಸಿಬಿಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಮೆಲ್ಲಗೆ ಹೇಳಿದಳು: “ಮೂರು ವರ್ಷದ ಹಿಂದೆ ಕಂಪನಿ ಬದಲಾಯಿಸ್ದಾಗ ಒಂದ್ಸಲ ಪಿಎಫ್ ತೆಗ್ದಿದ್ದೆ ಕಣೋ. ನಮ್ಮ ಲೈನಲ್ಲಿ ಎಲ್ಲಾರೂ ಹಂಗೇ ತೆಗೀತಾರೆ.”

ಹಳೆಯ ಖಾತೆಯನ್ನು ಹೊಸ ಕಂಪನಿಗೆ ವರ್ಗಾಯಿಸಿದ್ದರೆ ಒಂಬತ್ತೂ ವರ್ಷ ಲೆಕ್ಕಕ್ಕೆ ಬರುತ್ತಿದ್ದವು. ತೆಗೆದುಕೊಂಡರೆ ಎಣಿಕೆ ಮತ್ತೆ ಮೊದಲಿನಿಂದ. ಈಗ ಅವಳದು ಮೂರೇ ವರ್ಷ. ಮೊತ್ತ ಐವತ್ತು ಸಾವಿರ ದಾಟಿತ್ತು, ತೆರಿಗೆ ತಡೆಯುವ ಫಾರಂ ಕೊಟ್ಟಿರಲಿಲ್ಲ. ಹಾಗಾಗಿ ಶೇಕಡಾ ಹತ್ತು ಹಿಡಿಯುತ್ತಾರೆ, ಆಧಾರ್ ಜೋಡಣೆಯಿಲ್ಲದೆ ಪ್ಯಾನ್ ಚಾಲ್ತಿ ತಪ್ಪಿದ್ದರೆ ಇಪ್ಪತ್ತು. ಇಪ್ಪತ್ತು ಹೋದರೆ ಅಡ್ವಾನ್ಸಿಗೆ ಸಾಲದು. ಕೆಲಸವಂತೂ ಬಿಟ್ಟಾಗಿತ್ತು.

ಅವಳ ಪ್ಯಾನ್ ಆಧಾರ್‌ಗೆ ಜೋಡಣೆಯಾಗಿದೆಯೇ ಎಂದು ನೋಡಲು ಎರಡು ನಿಮಿಷ ಸಾಕಿತ್ತು. ನಾನು ನೋಡಲಿಲ್ಲ. ಆಗಿಲ್ಲ ಎಂದು ಬಂದರೆ ಅವಳ ಮುಖ ನೋಡಬೇಕಲ್ಲ. ಎರಡು ವಾರ ಅವಳ ಫೋನು ಸದ್ದು ಮಾಡಿದಾಗಲೆಲ್ಲ ಎದ್ದು ಆಚೆ ಹೋಗುತ್ತಿದ್ದೆ.

ಬ್ಯಾಂಕಿನ ಮೆಸೇಜು ಬಂದ ದಿನ ಅವಳೇ ಓದಿಕೊಂಡು, ಬೆರಳು ಮಡಿಚಿ ಲೆಕ್ಕ ಹಾಕಿದಳು. ಕಡಿತವಾಗಿದ್ದು ಶೇಕಡಾ ಹತ್ತು. ಅಡ್ವಾನ್ಸಿಗೆ ಸರಿಹೋಯಿತು, ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಿಷನ್ ತರುವುದು ಮುಂದಕ್ಕೆ ಹೋಯಿತು.

“ನನ್ನ ವರ್ಷದ ಸಂಬಳಕ್ಕೆ ಟ್ಯಾಕ್ಸೇ ಬರಲ್ವಲ್ಲೋ. ಹಿಡ್ಕೊಂಡಿದ್ದು ವಾಪಸ್ ಕೊಡ್ತಾರಾ?”

ಆದಾಯ ತೆರಿಗೆ ರಿಟರ್ನ್ ಹಾಕಿದರೆ ಬರುತ್ತದೆ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು.

“ಓದಿ ಹೇಳ್ತೀನಕ್ಕಾ,” ಎಂದೆ.