ಇರೋದಾ, ಬಿಡೋದಾ

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನನ್ನ ಜೊತೆ ಒಬ್ಬರು ಹತ್ತಿದರು. ಕೈಯಲ್ಲಿ ಬಿಳಿ ಬಟ್ಟೆಯ ದೊಡ್ಡ ಗಂಟು; ಸೀರೆ ಮಾರುವವರು. ಬಾಗಿಲು ಮುಚ್ಚಿಕೊಳ್ಳುತ್ತಿದ್ದಂತೆ ಆ ಗಂಟಿನಿಂದ ಒಂದು ವಾಸನೆ ಬಂತು. ಹೊಸ ನೂಲು, ಬಣ್ಣ, ಅದರಡಿಯಲ್ಲಿ ತೆಳ್ಳಗೆ ಮಗ್ಗದ ಎಣ್ಣೆ. ವಿದ್ಯುತ್ ಮಗ್ಗಗಳ ಬೀದಿಯಲ್ಲಿ ಸಂಸಾರ ಮಾಡದವರಿಗೆ ಅದು ಗೊತ್ತಾಗುವುದಿಲ್ಲ. ನಾನು ಹದಿನಾಲ್ಕು ವರ್ಷ ಮಾಡಿದ್ದೇನೆ. ದೊಡ್ಡಬಳ್ಳಾಪುರದವರಾ ಎಂದು ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. ನಾನೂ ಅಲ್ಲಿಯವಳೇ, ಈಗ ಯಲಹಂಕದಲ್ಲಿ ಇದ್ದೀನಿ ಎಂದಾಗ ಅವರು ಸುಮ್ಮನೆ ಲೋಕಾಭಿರಾಮವಾಗಿ ಕೇಳಿದರು:

"ಹೆಂಗೆ ಮೇಡಂ, ಅಲ್ಲಿಗಿಂತ ಇಲ್ಲೇ ಚೆನ್ನಾಗೈತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಮಹಡಿ ಬಂತು. ಅವರು ಇಳಿದು ಹೋದರು. ನಾನು ನನ್ನ ಮಹಡಿಯನ್ನು ದಾಟಿ ಮೇಲಿನ ತನಕ ಹೋಗಿ, ಮತ್ತೆ ಇಳಿದು ಬಂದೆ.

ಆ ಪ್ರಶ್ನೆ ನನಗೆ ಹೊಸದಲ್ಲ. ನಿಜ ಹೇಳಬೇಕೆಂದರೆ ಒಂಬತ್ತು ವರ್ಷ, ವಾರಕ್ಕೆ ಆರು ದಿನ, ಬೆಳಗಿನ ರೈಲಿನ ಹೆಂಗಸರ ಬೋಗಿಯಲ್ಲಿ ನಾವು ಮೂವರು ಬೇರೆ ಯಾವ ಮಾತನ್ನೂ ಆಡಿದ್ದು ನನಗೆ ನೆನಪಿಲ್ಲ. ನಾನು ಯಲಹಂಕದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಗಿರಿಜಾ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟು. ಮೂರನೆಯವರು ಶಮೀಮ್ ಮೇಡಂ, ಯಶವಂತಪುರದ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಆಗ ಅವರಿಗೆ ಐವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಅಪ್ಪ ಕಟ್ಟಿಸಿದ ಮನೆಯಲ್ಲಿ ತಮ್ಮ ಅನ್ಸರ್ ಮತ್ತು ಅವನ ಹೆಂಡತಿಯ ಜೊತೆ ಇದ್ದರು. ರೈಲು ಹತ್ತಿ ಕೂತ ಕೂಡಲೇ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಹುರಿಗಡಲೆಯ ಸ್ಟೀಲ್ ಡಬ್ಬಿಯನ್ನು ನಮ್ಮ ಮಧ್ಯೆ ಇಟ್ಟು, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು ಎಂದು ಕೇಳುತ್ತಿದ್ದರು. ಪಾಠ ಮುಂದುವರಿಸುವವರ ಹಾಗೆ.

ವಿಷಯ ಇಷ್ಟೇ: ದೊಡ್ಡಬಳ್ಳಾಪುರದಲ್ಲಿ ಇರೋದಾ, ಬಿಡೋದಾ.

ಮೇಡಂ ಬಿಡುವ ಪಕ್ಷ. ಅವರ ವಾದಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಬ್ರೆಡ್ಡಿನದು. ಈ ಊರಲ್ಲಿ ಒಬ್ಬ ಹೆಂಗಸು ಬೇಕರಿಯಿಂದ ಒಂದು ಬ್ರೆಡ್ ಪ್ಯಾಕೆಟ್ ಹಿಡಿದು ಮನೆಗೆ ಹೋಗುವಂತಿಲ್ಲ ಎನ್ನುತ್ತಿದ್ದರು. ಮೂಲೆ ಟೈಲರು ಯಾರಿಗೆ ಜ್ವರ ಎಂದು ಕೇಳುತ್ತಾನೆ. ಎದುರುಮನೆಯ ಮಗ್ಗದ ಮುನಿರಾಜು ಕೇಳುತ್ತಾರೆ. ಅನ್ಸರನ ಹೆಂಡತಿ ಬಾಗಿಲು ತೆಗೆಯುವಾಗಲೇ ಗಾಬರಿಯಾಗಿರುತ್ತಾಳೆ, ಏಕೆಂದರೆ ಸುದ್ದಿ ಬ್ರೆಡ್ಡಿಗಿಂತ ಮುಂಚೆ ಮನೆ ಮುಟ್ಟಿರುತ್ತದೆ. ಬ್ರೆಡ್ ತಿನ್ನಬೇಕು ಅನ್ನಿಸಿತು, ತಂದೆ ಎಂದರೆ ಯಾರೂ ನಂಬುವುದಿಲ್ಲ. "ನನಗೆ ಜ್ವರ ಇಲ್ದೇನೂ ಬ್ರೆಡ್ ತಿನ್ನೋಕ್ ಆಗೋ ಊರು ಬೇಕಮ್ಮಾ" ಎಂದು ಒಮ್ಮೆ ಅಂದಾಗ ಬೋಗಿಯಲ್ಲಿದ್ದವರೆಲ್ಲ ನಕ್ಕಿದ್ದರು. ಮೇಡಂ ನಗಲಿಲ್ಲ. ಅದು ತಮಾಷೆಯಾಗಿರಲಿಲ್ಲ.

ನಾನು ಇರುವ ಪಕ್ಷ. ಊರಿನ ಮೇಲಿನ ಪ್ರೀತಿಯಿಂದ ಎಂದುಕೊಳ್ಳಬೇಡಿ. ಮೇಡಂ ಮೊದಲೇ ಆ ಕಡೆ ಸೇರಿದ್ದರು. ಪಕ್ಕದಲ್ಲಿ ಒಬ್ಬರು ಗಟ್ಟಿಯಾಗಿ ಒಂದು ಮಾತು ಹೇಳುತ್ತಿದ್ದರೆ ಎದುರು ಹೇಳದೆ ಕೂರುವುದು ನನ್ನಿಂದಾಗದು. ಇದು ನನ್ನ ಅಮ್ಮನ ಕಾಲದಿಂದ ಎಲ್ಲರೂ ದೂರಿದ ಗುಣ. ಹಾಗಾಗಿ ನಾನು ಬೆಳಿಗ್ಗೆ ಕೊಟ್ಟರೆ ಸಂಜೆಗೆ ರವಿಕೆ ಹೊಲಿದುಕೊಡುವ ಟೈಲರನ್ನು ಹೊಗಳಿದೆ, ಕೀಳುವುದಕ್ಕೂ ಮಾರುವುದಕ್ಕೂ ನಡುವೆ ಒಂದು ಗಂಟೆಯೂ ಆಗದ ಸೊಪ್ಪನ್ನು ಹೊಗಳಿದೆ, ಮಗ್ಗದ ಸದ್ದನ್ನೂ ಹೊಗಳಿದೆ. ನನ್ನ ಅಮ್ಮ ಮೊದಲ ಸಲ ನಮ್ಮ ಮನೆಗೆ ಬಂದಾಗ ಕಿವಿಗೆ ಹತ್ತಿ ಇಟ್ಟುಕೊಂಡು ಊಟ ಮಾಡಿದ್ದರು. ನನಗೋ ಒಂದು ವರ್ಷವಾಗುವಷ್ಟರಲ್ಲಿ ಆ ಸದ್ದಿಲ್ಲದೆ ಮಧ್ಯಾಹ್ನ ಕಣ್ಣು ಹತ್ತುತ್ತಿರಲಿಲ್ಲ. ಕರೆಂಟು ಹೋಗಿ ಮಗ್ಗಗಳೆಲ್ಲ ಒಟ್ಟಿಗೆ ನಿಂತರೆ ಬೆಚ್ಚಿ ಏಳುತ್ತಿದ್ದೆ. ಭಾನುವಾರಗಳಲ್ಲಿ ಮಾಕಳಿದುರ್ಗ ಹತ್ತಲು ಬೆಂಗಳೂರಿನಿಂದ ದಪ್ಪ ಶೂ ಹಾಕಿಕೊಂಡು ಬರುವವರನ್ನೂ ನಾನು ಸಾಕ್ಷಿಗೆ ಕರೆಯುತ್ತಿದ್ದೆ. ಅಲ್ಲಿಂದ ಜನ ಗಾಳಿ ಕುಡಿಯಲು ಇಲ್ಲಿಗೆ ಬರುತ್ತಾರೆ, ನೀವು ಅಲ್ಲಿಗೆ ಹೋಗುತ್ತೀರಾ ಎಂದು. ಮೇಡಂ ಹುರಿಗಡಲೆ ಅಗಿಯುತ್ತಾ, ಅವರು ಸಂಜೆ ವಾಪಸ್ ಹೋಗ್ತಾರಲ್ಲ, ಅದಕ್ಕೆ ಕಾರಣ ಕೊಡು ಎನ್ನುತ್ತಿದ್ದರು. ಗಿರಿಜಾ ಎರಡೂ ಕಡೆಗೆ ತಲೆಯಾಡಿಸುತ್ತಿದ್ದಳು. ಅಷ್ಟರಲ್ಲಿ ನನ್ನ ಸ್ಟೇಷನ್ ಬರುತ್ತಿತ್ತು.

ಒಂದು ಸೋಮವಾರ ಮೇಡಂ ಹತ್ತಿದವರೇ, ಮಾತು ಮುಗಿಯಿತು ಎಂದರು. ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಮನೆ ನೋಡಿದ್ದರಂತೆ. ಒಂದು ಕೋಣೆ, ಅಡುಗೆಮನೆ, ಎದುರಿಗೆ ಹೊಂಗೆ ಮರ. ಆ ದಿನ ಸಂಜೆ ಹೋಗಿ ಒಪ್ಪಿಗೆ ಹೇಳಿಬರುವುದಿತ್ತು. ಅನ್ಸರನಿಗೆ ಇನ್ನೂ ಹೇಳಿರಲಿಲ್ಲ. ಅವರ ಮುಖದಲ್ಲಿ ಗೆದ್ದವರ ಕಳೆ ಇತ್ತು. ನನಗೆ ಒಳಗೊಳಗೇ ಸಿಟ್ಟು ಬಂತು. ಯಾಕೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಅವರು ಹೋಗಿಬಿಟ್ಟರೆ ನಾನು ಯಾರ ಎದುರು ವಾದ ಮಾಡುವುದು?

ರಾಜಾನುಕುಂಟೆ ಹತ್ತಿರ ಬರುವಾಗ ಅವರು ಹೊಂಗೆ ಮರದ ನೆರಳಿನ ಬಗ್ಗೆ ಹೇಳುತ್ತಿದ್ದವರು ನಡುವೆಯೇ ನಿಲ್ಲಿಸಿದರು. ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡರು. ಹಣೆಯ ಮೇಲೆ ಬೆವರು. ದವಡೆ ಎಳೀತಿದೆ ಎಂದರು. ನಾನು ಲ್ಯಾಬಿನವಳು, ಡಾಕ್ಟರಲ್ಲ. ಆದರೂ ಆ ಬೆವರು ಏನೆಂದು ಗೊತ್ತಾಗುವಷ್ಟು ವರ್ಷ ಆಸ್ಪತ್ರೆಯಲ್ಲಿ ಕಳೆದಿದ್ದೆ. ಇನ್ನೊಂದು ರೈಲಿಗೆ ದಾರಿ ಬಿಡಲು ಅಲ್ಲಿ ನಮ್ಮ ರೈಲನ್ನು ದಿನಾ ಅರ್ಧ ಗಂಟೆ ನಿಲ್ಲಿಸುತ್ತಿದ್ದರು. ನಿಂತ ತಕ್ಷಣ ಗಿರಿಜಾ ಮತ್ತು ನಾನು ಅವರನ್ನು ಇಳಿಸಿ, ಹೊರಗೆ ನಿಂತಿದ್ದ ಆಟೋದಲ್ಲಿ ಕೂರಿಸಿದೆವು.

ಆಟೋದವರು ಎಲ್ಲಿಗೆ ಎಂದು ಕೇಳಿದರು.

ನೋಡಿ, ಒಂಬತ್ತು ವರ್ಷ ನಾವು ತೂಗಿ ನೋಡಿದ್ದೆಲ್ಲ ಆ ಒಂದು ಪ್ರಶ್ನೆಗೆ ಬಂದು ನಿಂತಿತ್ತು. ಗಿರಿಜಾ ಊರಿಗೇ ವಾಪಸ್ ಹೋಗೋಣ ಎಂದಳು. ಅಲ್ಲಿ ನಮ್ಮನ್ನೆಲ್ಲ ಹೆಸರು ಹಿಡಿದು ಕರೆಯುವ ಡಾಕ್ಟರಿದ್ದಾರೆ, ಆ ದಾರಿ ಖಾಲಿ ಇರುತ್ತದೆ ಎಂದು ಅವಳ ಮಾತು. ನಾನು ಯಲಹಂಕ ಎಂದೆ. ನಮ್ಮ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು, ಯಂತ್ರಗಳು ಎಲ್ಲ ಇವೆ. ಇರುವ ಪಕ್ಷದವಳು ನಾನು, ನಗರದ ಕಡೆಗೆ ಬೆರಳು ತೋರಿಸುತ್ತಿದ್ದೆ. ಮೇಡಂ ಕಣ್ಣು ಮುಚ್ಚಿದ್ದರು. ನನ್ನ ಮಣಿಕಟ್ಟು ಹಿಡಿದುಕೊಂಡು ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದರು:

"ವಾಪಸ್ ಹೋಗೋಣ."

ನಾನು ಅವರ ಮಾತು ಕೇಳಲಿಲ್ಲ. ಯಲಹಂಕಕ್ಕೆ ನಡೀರಿ ಎಂದು ಆಟೋದವರಿಗೆ ಹೇಳಿದೆ.

ದಾರಿಯಲ್ಲಿ ರಸ್ತೆ ಅಗೆದಿದ್ದರು. ವಾಹನಗಳ ಸಾಲು ನಿಂತಲ್ಲೇ ನಿಂತಿತ್ತು. ಆಟೋದವರು ಹಾರ್ನ್ ಹೊಡೆದರು, ಗಿರಿಜಾ ಇಳಿದು ಕಾರುಗಳ ಕಿಟಕಿ ತಟ್ಟಿದಳು. ಗಾಜಿನ ಹಿಂದಿನವರಿಗೆ ಅವಳ ಮಾತು ಕೇಳಿಸಲಿಲ್ಲವೋ, ಕೇಳಿಸಿದರೂ ಅವರು ಏನು ಮಾಡಬಹುದಿತ್ತೋ. ಮೇಡಂ ಮುಖ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಇಷ್ಟೊತ್ತಿಗೆ ಊರು ತಲುಪಿರುತ್ತಿದ್ದೆವು ಎಂದು ನನ್ನ ತಲೆಯಲ್ಲಿ ಯಾರೋ ಹೇಳುತ್ತಲೇ ಇದ್ದರು. ಆಗ ಊಟದ ಪಾರ್ಸೆಲ್ ಒಯ್ಯುವ ದೊಡ್ಡ ಚೀಲ ಹೊತ್ತ ಒಬ್ಬರು ಸ್ಕೂಟರ್ ನಿಲ್ಲಿಸಿ ಒಳಗೆ ಇಣುಕಿದರು. ಕನ್ನಡ ಬರುತ್ತಿರಲಿಲ್ಲ, ಕೈಸನ್ನೆಯಲ್ಲೇ ನನ್ನ ಹಿಂದೆ ಬನ್ನಿ ಎಂದರು. ಸ್ಕೂಟರನ್ನು ಅಡ್ಡ ಹಾಕಿ ಒಂದೊಂದೇ ಗಾಡಿಯನ್ನು ಪಕ್ಕಕ್ಕೆ ಸರಿಸುತ್ತಾ, ಬೈಸಿಕೊಳ್ಳುತ್ತಾ, ಆಸ್ಪತ್ರೆಯ ಗೇಟಿನವರೆಗೆ ದಾರಿ ಮಾಡಿಕೊಟ್ಟರು. ನಾನು ಸ್ಟ್ರೆಚರ್‌ಗೆ ಕೂಗಿ ತಿರುಗಿ ನೋಡುವಷ್ಟರಲ್ಲಿ ಅವರಿರಲಿಲ್ಲ. ಯಾರದೋ ತಿಂಡಿ ತಣ್ಣಗಾಗಿರಬೇಕು ಆವತ್ತು.

ಮೇಡಂ ಬದುಕಿದರು. ಸ್ಟೆಂಟ್ ಹಾಕಿದರು. ಹೊರಗೆ ಬಂದ ಡಾಕ್ಟರು, ಇಲ್ಲಿಗೆ ತಂದದ್ದು ಒಳ್ಳೇದಾಯ್ತು ಎಂದರು. ನಾನು ಉಸಿರು ಬಿಡುವ ಮುಂಚೆಯೇ ಇನ್ನೊಂದು ಮಾತು ಸೇರಿಸಿದರು: ಹತ್ತಿರದಲ್ಲೇ ಎಲ್ಲಾದರೂ ಮೊದಲು ಒಂದು ಮಾತ್ರೆ, ಇಂಜೆಕ್ಷನ್ ಕೊಡಿಸಿ ತಂದಿದ್ದರೆ ಇನ್ನೂ ಒಳ್ಳೇದಿತ್ತು, ತಡವಾದದ್ದರಿಂದ ಹೃದಯದ ಒಂದು ಭಾಗಕ್ಕೆ ಪೆಟ್ಟಾಗಿದೆ. ಎಂದರೆ, ನಾನು ಸರಿ, ಗಿರಿಜಾಳೂ ಸರಿ. ಅಂಥ ತೀರ್ಪು ಹೊತ್ತುಕೊಂಡು ಮನುಷ್ಯ ಎಲ್ಲಿಗೆ ಹೋಗಬೇಕು ಹೇಳಿ.

ಮಧ್ಯಾಹ್ನದ ಹೊತ್ತಿಗೆ ಊರಿನಿಂದ ಜನ ಬಂದರು. ಅನ್ಸರ್, ಅವನ ಹೆಂಡತಿ, ಮಗ್ಗ ನಿಲ್ಲಿಸಿ ಬಂದ ಮುನಿರಾಜು ದಂಪತಿ, ಟೈಲರು, ಮೇಡಂ ಹತ್ತಿರ ಎಂದೋ ಲೆಕ್ಕ ಹೇಳಿಸಿಕೊಂಡವರು. ಆ ಗುಂಪು ನೋಡಿ, ಒಳಗಿರೋ ಲೀಡರು ಯಾವ ಪಕ್ಷದವರು ಎಂದು ನಮ್ಮ ಸೆಕ್ಯೂರಿಟಿಯವರು ನನ್ನನ್ನು ಕೇಳಿದರು. ಮೂರನೇ ದಿನ ವಾರ್ಡಿನಲ್ಲಿ ನಾನೊಬ್ಬಳೇ ಸಿಕ್ಕಾಗ ಮೇಡಂ ಅಂದರು:

"ಇಷ್ಟು ಜನ ಬಂದು ತಲೆ ತಿಂತಾರಲ್ಲ, ಅದಕ್ಕೇ ಊರು ಬಿಡಬೇಕು ಅಂತಿದ್ದೆ. ಇನ್ನು ಬಿಡಲ್ಲ ಬಿಡು."

ಅವರು ಕೆಲಸಕ್ಕೆ ಸ್ವಯಂ ನಿವೃತ್ತಿ ತೆಗೆದುಕೊಂಡರು. ಹೊಂಗೆ ಮರದ ಮನೆಗೆ ಬೇರೆ ಯಾರೋ ಬಂದರು. ನನಗೋ ಅದೇ ಬೆಳಗು ಬೇರೆ ಪಾಠ ಹೇಳಿತು. ನನ್ನ ಯಜಮಾನರಿಗೆ ಹೀಗಾದರೆ, ಮಗಳಿಗೆ ಏನಾದರೂ ಆದರೆ, ಆ ಅಗೆದ ರಸ್ತೆಯಲ್ಲಿ ಮತ್ತೆ ನಿಲ್ಲಬೇಕಾದರೆ ಎಂಬ ದಿಗಿಲು ಹಿಡಿಯಿತು. ಮೂರು ತಿಂಗಳಲ್ಲಿ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಈ ಫ್ಲ್ಯಾಟಿಗೆ ಬಂದೆವು. ಯಜಮಾನರು ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ವ್ಯಾಯಾಮದ ಮೇಷ್ಟ್ರು. ನನಗೆ ರೈಲು ತಪ್ಪಿತು, ಅವರಿಗೆ ಹತ್ತಿಕೊಂಡಿತು. ಅದೇ ಹಳಿಯ ಮೇಲೆ ಎದುರು ದಿಕ್ಕಿಗೆ. ಅವರು ಏನೂ ಅನ್ನಲಿಲ್ಲ. ಅವರು ಯಾವುದಕ್ಕೂ ಏನೂ ಅನ್ನುವವರಲ್ಲ ಎಂದು ನಾನೂ ಕೇಳಲಿಲ್ಲ.

ಇದಾಗಿ ಆರು ವರ್ಷ. ಇಲ್ಲಿ ಬ್ರೆಡ್ ತಂದರೆ ಯಾರೂ ಕೇಳುವುದಿಲ್ಲ. ಮೊದಲ ತಿಂಗಳು ಅದು ಹಬ್ಬದ ಹಾಗಿತ್ತು. ಆಮೇಲೆ ಒಮ್ಮೆ ನಿಜವಾಗಿಯೂ ಜ್ವರ ಬಂದು ಬ್ರೆಡ್ ಕೊಂಡು ಲಿಫ್ಟಿನಲ್ಲಿ ನಿಂತಾಗ ಯಾರಾದರೂ ಕೇಳಬಾರದೇ ಅನ್ನಿಸಿದ್ದೂ ಉಂಟು. ಮೇಡಂ ಮನೆಗೆ ವರ್ಷಕ್ಕೆ ಎರಡು ಸಲವಾದರೂ ಹೋಗುತ್ತಿದ್ದೆ. ಅವರು ಮೆಟ್ಟಿಲು ಹತ್ತುವ ಹಾಗಿಲ್ಲ, ನಾಲ್ಕು ಹೆಜ್ಜೆ ನಡೆದರೆ ನಿಂತು ಉಸಿರು ತೆಗೆದುಕೊಳ್ಳಬೇಕು. ಪ್ರತಿ ಸಲ ಅವರು ಹಾಗೆ ನಿಂತಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ವಾಪಸ್ ಹೋಗೋಣ ಎಂದು ಅವರು ಹೇಳಿದ್ದರು, ನಾನು ಕೇಳಿರಲಿಲ್ಲ. ಆ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

ಲಿಫ್ಟಿನ ಪ್ರಶ್ನೆ ನಾಲ್ಕು ದಿನ ನನ್ನನ್ನು ಕೂರಲು ಬಿಡಲಿಲ್ಲ. ಐದನೇ ದಿನ ಭಾನುವಾರ. ಯಾರಿಗೂ ಹೇಳದೆ ರೈಲು ಹತ್ತಿದೆ. ಮೇಡಂ ಮುಂದಿನ ಕೋಣೆಯಲ್ಲಿ, ಈಗ ಮನೆಪಾಠಕ್ಕೆ ಬರುವ ಮಕ್ಕಳ ಲೆಕ್ಕದ ಪುಸ್ತಕ ತಿದ್ದುತ್ತಾ ಕೂತಿದ್ದರು. ಅನ್ಸರನ ಹೆಂಡತಿ ಚಹಾ ಇಟ್ಟು ಹೋದಳು. ಹೇಗೆ ಶುರು ಮಾಡಬೇಕೆಂದು ತಿಳಿಯದೆ ನೇರವಾಗಿ ಕೇಳಿಬಿಟ್ಟೆ: ಆವತ್ತು ನಿಮ್ಮ ಮಾತು ಕೇಳಿ ಇಲ್ಲಿಯ ಆಸ್ಪತ್ರೆಗೆ ಕರೆತಂದಿದ್ದರೆ ನೀವು ಇವತ್ತು ಹೀಗೆ ನಿಂತು ನಿಂತು ನಡೆಯಬೇಕಿರಲಿಲ್ಲವೇನೋ, ನನ್ನ ಮೇಲೆ ನಿಮಗೆ ಬೇಸರ ಇದೆಯಾ?

ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನಾನು ಆಸ್ಪತ್ರೆಗೆ ಅಂತ ಎಲ್ಲಿ ಹೇಳ್ದೆ? ಮನೆಗೆ ಅಂದೆ. ಹೋಗೋ ಹೊತ್ತು ಬಂತು ಅನ್ನಿಸ್ತು. ಹೋಗೋದಾದ್ರೆ ಈ ಕೋಣೇಲಿ ಅಂತ." ಸೆರಗಿನಿಂದ ಕನ್ನಡಕ ಒರೆಸುತ್ತಾ ಹೇಳಿದರು: "ನೀನು ಕೇಳ್ದೇ ಇದ್ದಿದ್ದು ಒಳ್ಳೇದೇ ಆಯ್ತು. ಆದ್ರೆ ಒಂಬತ್ತು ವರ್ಷ ತಲೆ ಕೆಡಿಸ್ಕೊಂಡಿದ್ನಲ್ಲ, ಬಾಯಲ್ಲಿ ಆ ಮಾತು ಬಂದಾಗ ನನಗೇ ಆಶ್ಚರ್ಯ ಆಯ್ತು."

ಎದುರುಮನೆಯ ಮಗ್ಗ ಓಡುತ್ತಿತ್ತು. ಮೇಡಂ ಮತ್ತೆ ಕೆಂಪು ಪೆನ್ನು ಕೈಗೆತ್ತಿಕೊಂಡರು. ತಲೆಯೆತ್ತದೆಯೇ, ನೀನಾಗಿದ್ದರೆ ಎಲ್ಲಿಗೆ ಅಂತಿದ್ದೆ ಎಂದು ಕೇಳಿದರು. ಯಲಹಂಕಕ್ಕೂ ದೊಡ್ಡಬಳ್ಳಾಪುರಕ್ಕೂ ನನ್ನ ಹತ್ತಿರ ಎಷ್ಟೊಂದು ಕಾರಣಗಳಿದ್ದವು. ಆದರೂ ಗೊತ್ತಿಲ್ಲ ಮೇಡಂ ಎಂದೆ. ನನ್ನನ್ನು ಬಲ್ಲವರು ನಂಬಲಾರರು, ಆದರೆ ಹಾಗೆ ಹೇಳಿದ್ದು ನಿಜ.

ಸಂಜೆ ಮನೆಗೆ ಬಂದಾಗ ಯಜಮಾನರು ಬಾಲ್ಕನಿಯಲ್ಲಿ ಒಗೆದ ಬಟ್ಟೆ ತೆಗೆಯುತ್ತಿದ್ದರು. ಎಲ್ಲಿ ಹೋಗಿದ್ದೆ ಎಂದು ಅವರು ಕೇಳುವ ಮೊದಲೇ ನಾನು ಅದೇ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಇನ್ನೇನು ಮುಗಿಯಿತು ಅನ್ನೋ ಹೊತ್ತಲ್ಲಿ ಆಟೋದವನು ಎಲ್ಲಿಗೆ ಅಂದ್ರೆ ನೀವು ಏನಂತೀರಿ ಎಂದು. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ಸೂಲಿಬೆಲೆಗೆ" ಎಂದು ಹೇಳಿ ಅಂಗಿಯೊಂದನ್ನು ಕೊಡವಿ ಮಡಿಸಿದರು.

ಸೂಲಿಬೆಲೆ ಅವರು ಏಳನೇ ತರಗತಿಯವರೆಗೆ ಓದಿದ, ಹೊಸಕೋಟೆ ಕಡೆಯ ಊರು. ಅಲ್ಲಿ ಈಗ ಅವರಿಗೆ ಮನೆಯಿಲ್ಲ, ನೆಂಟರೂ ಇಲ್ಲ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಆ ಹೆಸರು ನಮ್ಮ ಮನೆಯಲ್ಲಿ ಹತ್ತು ಸಲ ಬಂದಿರಲಾರದು. ಎರಡು ಊರುಗಳನ್ನು ಹಿಡಿದು ನಾನು ಇಷ್ಟು ವರ್ಷ ತೂಗುತ್ತಾ ಕೂತಿದ್ದೆ. ಪಕ್ಕದಲ್ಲೇ ಮಲಗುವ ಮನುಷ್ಯ ಮೂರನೆಯ ಊರೊಂದನ್ನು ಇಟ್ಟುಕೊಂಡು ನನ್ನ ಇಷ್ಟದ ಹಾಗೆ ಮನೆ ಬದಲಿಸಿ, ದಿನಾ ರೈಲು ಹತ್ತಿ ಇಳಿಯುತ್ತಿದ್ದರು. ಅವರನ್ನು ಒಂದು ಸಲವಾದರೂ ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ನಾನು ಹೋಗಿ ಹಗ್ಗದ ಇನ್ನೊಂದು ತುದಿಯಿಂದ ಬಟ್ಟೆ ತೆಗೆಯತೊಡಗಿದೆ. ಬರೋ ಭಾನುವಾರ ಸೂಲಿಬೆಲೆಗೆ ಹೋಗೋಣವಾ ಎಂದು ಕೇಳಿದೆ. ಅಲ್ಲೇನಿದೆ ಈಗ, ಎಂದರು.

"ನೀವು ತೋರಿಸಿ" ಎಂದೆ.

ಅವರು ಮಡಿಸಿದ ಬಟ್ಟೆಗಳನ್ನು ತೋಳಿಗೆ ಹಾಕಿಕೊಂಡರು. ಆಮೇಲೆ, ಹೊಸಕೋಟೆ ಬಸ್ಸು ಬೆಳಿಗ್ಗೆ ಎಷ್ಟು ಗಂಟೆಗೆ ಸಿಗಬಹುದು ಎಂದು ತಮ್ಮಷ್ಟಕ್ಕೆ ತಾವೇ ಲೆಕ್ಕ ಹಾಕುತ್ತಾ ಒಳಗೆ ಹೋದರು.